ಐಪಿ ವಿಳಾಸದಿಂದ ನಂಬಬಹುದಾದ ಹೋಸ್ಟ್ ಹೆಸರು: ಸಿ ಭಾಷೆಯಲ್ಲಿ ಪಡೆಯುವುದು ಹೇಗೆ?

ಸರ್ವರಿಗೆ ಯಾರೋ ಕನೆಕ್ಟ್ ಆದರೆ, ಅವರ ಐಪಿಯ ಹೆಸರು ಹುಡುಕಿ, ಸಿಕ್ಕಿದ್ದನ್ನೇ ನಂಬಿ ಒಳಗೆ ಬಿಡುವ ಕೋಡ್ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಇದು ಅಪಾಯ. ಐಪಿಗೆ ಹೆಸರು ಕೊಡುವ ಪಿಟಿಆರ್ ದಾಖಲೆ ಆ ಐಪಿ ಹೊಂದಿದವರ ಕೈಯಲ್ಲಿರುತ್ತದೆ. ಅಲ್ಲಿ ಅವರು ನಿಮ್ಮದೇ ಸರ್ವರಿನ ಹೆಸರು ಬರೆದರೂ ತಡೆಯುವವರಿಲ್ಲ. ಬಂದ ಹೆಸರನ್ನು ಮತ್ತೆ ಐಪಿಗೆ ತಿರುಗಿಸಿ ತಾಳೆ ನೋಡಲೇಬೇಕು.

ಹಂತ 1: ಐಪಿಯಿಂದ ಹೆಸರು ಹುಡುಕುವ ಗೆಟ್‌ನೇಮ್‌ಇನ್ಫೋ ಫಂಕ್ಷನ್ ಕರೆಯಿರಿ. ಎನ್‌ಐ_ನೇಮ್‌ರೆಕ್‌ಡಿ ಫ್ಲ್ಯಾಗ್ ಹಾಕದಿದ್ದರೆ, ಹೆಸರು ಸಿಗದಾಗ ಐಪಿಯನ್ನೇ ಅಕ್ಷರರೂಪದಲ್ಲಿ ಕೊಟ್ಟು ಸುಮ್ಮನಾಗುತ್ತದೆ. ಬಫರ್ 1025 ಬೈಟ್ ಇರಲಿ. ಹಳೆಯ ಗೆಟ್‌ಹೋಸ್ಟ್‌ಬೈಅಡ್ರ್ ಬೇಡವೇ ಬೇಡ: ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್ 2008ರಲ್ಲೇ ಅದನ್ನು ಕೈಬಿಟ್ಟಿದೆ, ಥ್ರೆಡ್‌ಗಳಲ್ಲಿ ಬಳಸುವುದೂ ಸುರಕ್ಷಿತವಲ್ಲ.

ಹಂತ 2: ಬಂದ ಹೆಸರೇ ಐಪಿಯಂತಿದೆಯೇ ನೋಡಿ. ಬಹಳ ಜನ ಎಡವುವುದು ಇಲ್ಲೇ. ಪಿಟಿಆರ್‌ನಲ್ಲಿ ಹೆಸರಿನ ಜಾಗಕ್ಕೆ 10.0.0.5 ಎಂದು ಬರೆದಿಟ್ಟರೆ, ಹೆಸರಿನಿಂದ ಐಪಿ ಹುಡುಕುವ ಗೆಟ್‌ಅಡ್ರ್‌ಇನ್ಫೋ, ಹೆಸರು ಮತ್ತು ಐಪಿಗಳ ನಂಟು ಹೇಳುವ ಡಿಎನ್‌ಎಸ್‌ ವ್ಯವಸ್ಥೆಯನ್ನು ಕೇಳದೆ ಅದನ್ನೇ ವಿಳಾಸವೆಂದು ಹಿಂತಿರುಗಿಸುತ್ತದೆ. ಹಾಗಾಗಿ ಮೊದಲು, ಅಂಕಿಯ ವಿಳಾಸವನ್ನಷ್ಟೇ ಒಪ್ಪುವ ಎಐ_ನ್ಯೂಮರಿಕ್‌ಹೋಸ್ಟ್ ಫ್ಲ್ಯಾಗ್ ಹಾಕಿ ಗೆಟ್‌ಅಡ್ರ್‌ಇನ್ಫೋ ಕರೆಯಿರಿ. ಆ ಕರೆ ಗೆದ್ದರೆ ಹೆಸರನ್ನು ತಿರಸ್ಕರಿಸಿ. ದೂರದ ಲಾಗಿನ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಚ್ ಕೂಡ ಇದನ್ನೇ ಮಾಡುತ್ತದೆ.

ಹಂತ 3: ಆ ಫ್ಲ್ಯಾಗ್ ತೆಗೆದು, ಸಾಕೆಟ್ ಬಗೆ ಎಸ್‌ಒಸಿಕೆ_ಸ್ಟ್ರೀಮ್ ಎಂದು ಕೊಟ್ಟು ಗೆಟ್‌ಅಡ್ರ್‌ಇನ್ಫೋವನ್ನು ಮತ್ತೆ ಕರೆಯಿರಿ; ಈಗ ಹೆಸರಿನ ಐಪಿಗಳು ಸಿಗುತ್ತವೆ.

ಹಂತ 4: ಸಿಕ್ಕ ಐಪಿಗಳನ್ನು ಗ್ರಾಹಕನ ಐಪಿಯೊಂದಿಗೆ ಹೋಲಿಸಿ. ಉದಾಹರಣೆಗೆ, 8.8.8.8ರ ಪಿಟಿಆರ್ ಹೆಸರು ಡಿಎನ್‌ಎಸ್ ಡಾಟ್ ಗೂಗಲ್. ಆ ಹೆಸರಿಗಿರುವ ಐಪಿವಿ4 ವಿಳಾಸಗಳು ಎರಡು: 8.8.8.8 ಮತ್ತು 8.8.4.4. ಉತ್ತರದ ಸರಪಳಿಯಲ್ಲಿ ಮೊದಲನೆಯದನ್ನು ಮಾತ್ರ ನೋಡಿ ನಿಲ್ಲಿಸಿದರೆ, ಸರಿಯಾದ ಹೆಸರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತದೆ. ಮುಂದಿನ ಉತ್ತರವನ್ನು ತೋರಿಸುವ ಎಐ_ನೆಕ್ಸ್ಟ್ ಹಿಡಿದು ಕೊನೆಯವರೆಗೂ ಹೋಗಿ. ವಿಳಾಸವಿರುವ ಇಡೀ ಸಾಕ್‌ಅಡ್ರ್ ರಚನೆಗೆ, ಬೈಟ್‌ಗಳನ್ನು ಹೋಲಿಸುವ ಮೆಮ್‌ಸಿಎಂಪಿ ಹಚ್ಚಬೇಡಿ; ಅದರಲ್ಲಿ ಪೋರ್ಟ್ ಸಂಖ್ಯೆಯೂ ಇರುವುದರಿಂದ ತಾಳೆಯಾಗುವುದಿಲ್ಲ. ಫ್ಯಾಮಿಲಿ (ಐಪಿವಿ4 ಅಥವಾ ಐಪಿವಿ6) ಒಂದೇ ಇದೆಯೇ ನೋಡಿ, ಆಮೇಲೆ ವಿಳಾಸದ 4 ಅಥವಾ 16 ಬೈಟ್ ಮಾತ್ರ ಹೋಲಿಸಿ.

ಐಪಿವಿ6 ಸಾಕೆಟ್‌ಗೆ ಐಪಿವಿ4 ಗ್ರಾಹಕ ಬಂದರೆ ಅವನ ವಿಳಾಸ 16 ಬೈಟಿನ ವೇಷದಲ್ಲಿರುತ್ತದೆ, ನಿಜವಾದದ್ದು ಕೊನೆಯ 4 ಬೈಟ್. ಹಂತ 1ಕ್ಕಿಂತ ಮುಂಚೆಯೇ ಅದನ್ನು ಬಿಡಿಸಿಕೊಳ್ಳಿ.

ಹಂತ 5: ಫ್ರೀಅಡ್ರ್‌ಇನ್ಫೋ ಕರೆದು ಉತ್ತರದ ಸರಪಳಿಯ ಮೆಮೊರಿ ಬಿಡುಗಡೆ ಮಾಡಿ. ತಾಳೆಯಾಗದಿದ್ದರೆ ಐಪಿಯನ್ನೇ ಬಳಸಿ. ಲಾಗ್‌ನಲ್ಲಂತೂ ಹೆಸರು ಸಿಕ್ಕರೂ ಪಕ್ಕದಲ್ಲಿ ಐಪಿ ಇರಲೇಬೇಕು. ಇಎಐ_ಅಗೇನ್ ಎಂಬ ದೋಷ ಬಂದರೆ ಅದು ತಾತ್ಕಾಲಿಕ ತೊಡಕು, ಸುಳ್ಳು ಹೆಸರೆಂದು ಗುರುತು ಹಾಕಬೇಡಿ. ಗೆಟ್‌ನೇಮ್‌ಇನ್ಫೋ, ಗೆಟ್‌ಅಡ್ರ್‌ಇನ್ಫೋ ಎರಡೂ ಕರೆಗಳು ಡಿಎನ್‌ಎಸ್‌ ಉತ್ತರ ಬರುವವರೆಗೆ ಕಾಯುತ್ತವೆ, ಆದ್ದರಿಂದ ಮುಖ್ಯ ಲೂಪಿನಲ್ಲಿ ಇಡದೆ ಬೇರೆ ಥ್ರೆಡ್‌ಗೆ ಕೊಡಿ.