ಗೆಲುವಿನಲ್ಲಿ ಕೋಚ್ ಪಾಲೆಷ್ಟು? ನಾನು ಲೆಕ್ಕ ಹಾಕುವ ರೀತಿ

ಬೆಂಗಳೂರಿನಲ್ಲಿ 15 ವರ್ಷದೊಳಗಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಗೆದ್ದ ದಿನ ಹುಡುಗರ ಅಪ್ಪ ಅಮ್ಮ ಬಂದು "ಎಲ್ಲಾ ನಿಮ್ಮಿಂದಲೇ ಸರ್" ಅನ್ನುತ್ತಾರೆ. ಪ್ರೀತಿಯ ಮಾತು. ಆದರೆ ಎಲ್ಲಾ ನನ್ನಿಂದ ಆಗಿದ್ದಲ್ಲ. ಹಾಗಂತ ಕೋಚ್ ಸುಮ್ನೆ ಗೆರೆಯಾಚೆ ನಿಂತು ಕೂಗುವವನೂ ಅಲ್ಲ.

ನನ್ನ ಪಾಲು ಎಷ್ಟು ಅಂತ ನೋಡಲು ಒಂದು ಪುಸ್ತಕ ಇಟ್ಟಿದ್ದೇನೆ. ಮ್ಯಾಚ್‌ನ ಹಿಂದಿನ ರಾತ್ರಿ ಅದರಲ್ಲಿ ಬರೆಯುತ್ತೇನೆ. ಕಾರ್ನರ್ (ಮೈದಾನದ ಮೂಲೆಯಿಂದ ಹೊಡೆಯುವ ಕಿಕ್) ಸಿಕ್ಕರೆ ಯಾರು ಎಲ್ಲಿಗೆ ಓಡಬೇಕು, ಹಿಂದೆ ಬಿದ್ದರೆ ಯಾರನ್ನು ಇಳಿಸಬೇಕು, ಎದುರಾಳಿಗಳ ಯಾವ ಬದಿಯಲ್ಲಿ ಜಾಗ ಸಿಗುತ್ತದೆ. ಆಟ ಮುಗಿದ ಮೇಲೆ ಒಂದೊಂದು ಗೋಲನ್ನೂ ಅದರ ಪಕ್ಕ ಇಟ್ಟು ನೋಡುತ್ತೇನೆ. ಮೊದಲೇ ಬರೆದಿದ್ದರೆ ಮಾತ್ರ ನನಗೂ ಪಾಲು. ಗೆದ್ದ ಮೇಲೆ ಎಲ್ಲವೂ ನಾವು ಅಂದುಕೊಂಡಂತೆಯೇ ಆಯ್ತು ಅನ್ನಿಸುತ್ತದೆ, ಅಲ್ವಾ?

ಈಚೆಗೆ ಒಂದು ಫೈನಲ್ 2-1ರಲ್ಲಿ ಗೆದ್ದೆವು. ಮೊದಲ ಗೋಲ್ ಕಾರ್ನರ್‌ನಿಂದ. ಒಬ್ಬ ಹುಡುಗ ಹತ್ತಿರದ ಗೋಲ್ ಕಂಬದ ಕಡೆ ಓಡಿ ಇಬ್ಬರು ಡಿಫೆಂಡರ್‌ಗಳನ್ನು ಎಳೆದೊಯ್ದ. ಖಾಲಿಯಾದ ಜಾಗಕ್ಕೆ ನಮ್ಮ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ನುಗ್ಗಿ ಹೆಡ್ ಮಾಡಿದ. ಇದು ಪುಸ್ತಕದಲ್ಲಿತ್ತು, ಪ್ರತಿ ಪ್ರಾಕ್ಟೀಸ್‌ನ ಕೊನೆಗೆ ಮಾಡಿಸಿದ್ದೆ. ಕಾರ್ನರ್ ಅಭ್ಯಾಸ ಹುಡುಗರಿಗೆ ಬೇಜಾರು. ಆದರೆ 2019ರಲ್ಲಿ ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ತಂದಿದ್ದು ಕಾರ್ನರ್‌ಗೆ ರಾಹುಲ್ ಭೆಕೆ ಕೊಟ್ಟ ಹೆಡರ್. ಅದೂ ಹೆಚ್ಚುವರಿ ಸಮಯದಲ್ಲಿ. ಅವರೂ ಡಿಫೆಂಡರ್.

ಎರಡನೇ ಗೋಲ್ ಪುಸ್ತಕದಲ್ಲಿ ಇರಲಿಲ್ಲ. ಹೊಡೆದವನು ಹಲಸೂರಿನ ಗೌತಮಪುರದ ಹುಡುಗ. ಪೆಲೆ ಪ್ರತಿಮೆ ಇರುವ ಅದೇ ಗೌತಮಪುರ. ಇಕ್ಕಟ್ಟಿನಲ್ಲಿ ಇಬ್ಬರನ್ನು ದಾಟಿ ಎಡಗಾಲಲ್ಲಿ ಹೊಡೆದ. ಆ ಕಲೆ ಅವನಿಗೆ ಬಂದಿದ್ದು ಗಲ್ಲಿಯಲ್ಲಿ ದೊಡ್ಡ ಹುಡುಗರ ಜೊತೆ ಆಡಿ. "ಪಾಸ್ ಮಾಡು, ಪಾಸ್ ಮಾಡು" ಅಂತ ನಾನು ಅವನನ್ನು ಕಟ್ಟಿಹಾಕಲಿಲ್ಲ. ನನ್ನ ಪಾಲು ಅಷ್ಟೇ.

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವವರು ಭಾರತ ತಂಡದ ಕೋಚ್ ಆಗಿದ್ದ ಸಯ್ಯದ್ ಅಬ್ದುಲ್ ರಹೀಮ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಜರ್ನೈಲ್‌ರನ್ನು ರಹೀಮ್ ಮುಂದೆ, ಗೋಲ್ ಹೊಡೆಯುವ ಜಾಗದಲ್ಲಿ ಆಡಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲ್ ಹೊಡೆದರು, ಫೈನಲ್‌ನಲ್ಲೂ. ದಕ್ಷಿಣ ಕೊರಿಯಾವನ್ನು 2-1ರಲ್ಲಿ ಸೋಲಿಸಿ ಭಾರತ ಚಿನ್ನ ಗೆದ್ದಿತು. ಅವರನ್ನು ಮುಂದೆ ನಿಲ್ಲಿಸುವ ಧೈರ್ಯ ಕೋಚ್‌ದು. ಆ ಹೊಲಿಗೆ ಇಟ್ಟುಕೊಂಡು ಡಿಫೆಂಡರ್‌ಗಳ ನಡುವೆ ನುಗ್ಗಿದ್ದು ಜರ್ನೈಲ್. ಮುಂದಿನ ವರ್ಷವೇ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಂಥವರಿಗೆ ಶ್ರೇಯ ಕೊಡದೆ ಇನ್ಯಾರಿಗೆ ಕೊಡುವುದು?

ಗೆದ್ದ ಮೇಲಿನ ಮೊದಲ ಪ್ರಾಕ್ಟೀಸ್‌ನಲ್ಲಿ ಹುಡುಗರನ್ನು ಕೂರಿಸಿ ಪುಸ್ತಕ ಓದುತ್ತೇನೆ. ಚೆಂಡು ಮುಟ್ಟದೆ ಡಿಫೆಂಡರ್‌ಗಳನ್ನು ಎಳೆದೊಯ್ದವನ ಹೆಸರು ಮೊದಲು. ಫೈನಲ್‌ನಲ್ಲಿ ಬೆಂಚ್ ಮೇಲೇ ಉಳಿದ ಇಬ್ಬರ ಹೆಸರೂ ಓದಿದೆ. ಪ್ರಾಕ್ಟೀಸ್‌ನಲ್ಲಿ ವಾರಗಟ್ಟಲೆ ಎದುರಾಳಿಗಳ ಜಾಗದಲ್ಲಿ ನಿಂತು ಆ ಕಾರ್ನರ್ ತಡೆಯಲು ನೋಡಿದವರು ಅವರೇ.