ಮುಖಕ್ಕೆ ಬೆಳಕು ಎಲ್ಲಿಂದ ಬಿತ್ತು? ಹಳೇ ಫೋಟೋ ನೋಡಿ ಕಂಡುಹಿಡಿಯುವ ಬಗೆ

ಉಡುಪಿಯ ರಥಬೀದಿ ಹತ್ತಿರದ ಸ್ಟುಡಿಯೋ ಒಂದರಲ್ಲಿ ಅಜ್ಜಿ ತೆಗೆಸಿಕೊಂಡ ಫೋಟೋ ನಮ್ಮ ಮನೆಯಲ್ಲಿದೆ. ಕಪ್ಪು ಬಿಳುಪು, ಅಂಗೈ ಅಗಲದ್ದು. ಮೂಗುತಿ, ಬೆಂಡೋಲೆ, ಕರಿಮಣಿ, ಮುಡಿಯಲ್ಲಿ ಮಲ್ಲಿಗೆ. ಒಂದು ಕೆನ್ನೆ ಬೆಳಗಿದೆ, ಇನ್ನೊಂದು ಮೆಲ್ಲಗೆ ನೆರಳಿಗೆ ಜಾರಿದೆ. ಆ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಯಿತು. ಬೆಳಕು ಹೇಗೆ ಕೊಟ್ಟಿರಿ ಎಂದು ಕೇಳಲು ಈಗ ಯಾರೂ ಇಲ್ಲ. ಆದರೆ ಅದರ ಉತ್ತರ ಫೋಟೋದಲ್ಲೇ ಇದೆ. ಹುಡುಕುವ ಕ್ರಮ ಗೊತ್ತಿದ್ದರೆ ಸಾಕು.

ಮೊದಲು ಮೂಲ ಪ್ರತಿಯನ್ನೇ ಕೈಗೆತ್ತಿಕೊಳ್ಳಿ. ಒಂದು ಭೂತಗನ್ನಡಿ ಇರಲಿ. ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಕಡಿಮೆ ಬೇಡ, ಮತ್ತು ಯಾವ ತಿದ್ದುಪಡಿಯೂ ಬೇಡ ಎಂದು ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ. ಅಂಗಡಿಯವರು ಫೋಟೋ ‘ಚಂದ’ ಮಾಡಿ ಕೊಟ್ಟರು. ಕಣ್ಣಲ್ಲಿದ್ದ ಹೊಳಪು ಅಳಿಸಿ ದುಂಡಗಿನ ಬಿಳಿ ಚುಕ್ಕೆ ಇಟ್ಟಿದ್ದರು. ನನಗೆ ಬೇಕಾಗಿದ್ದ ಮುಖ್ಯ ಸಾಕ್ಷಿಯೇ ಹೋಗಿತ್ತು. ಪುಣ್ಯಕ್ಕೆ ಮೂಲ ಪ್ರತಿ ಹಾಗೇ ಇತ್ತು.

ಫೋಟೋ ಉಲ್ಟಾ ಪ್ರಿಂಟ್ ಆಗಿದೆಯೇ ಎಂದೂ ನೋಡಿ. ನೆಗೆಟಿವ್ ಮಗುಚಿ ಇಟ್ಟರೆ ಎಡ ಬಲ ಅದಲುಬದಲು. ಸೆರಗು ಯಾವ ಹೆಗಲ ಮೇಲಿದೆ, ಅಂಗಿಯ ಜೇಬು ಯಾವ ಕಡೆ ಇದೆ ಎಂದು ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಮೊದಲು ಮೂಗಿನ ನೆರಳು

ಎಲ್ಲರೂ ಮೊದಲು ಕಣ್ಣು ನೋಡುತ್ತಾರೆ. ನಾನು ಮೂಗಿನಿಂದ ಶುರು ಮಾಡುತ್ತೇನೆ. ನೆರಳಿನ ತುದಿಯಿಂದ ಮೂಗಿನ ತುದಿಗೆ ಮನಸ್ಸಲ್ಲೇ ಒಂದು ಗೆರೆ ಎಳೆಯಿರಿ. ಅದನ್ನು ಹಾಗೇ ಮುಂದಕ್ಕೆ ಬೆಳೆಸಿ. ಬೆಳಕು ಆ ದಾರಿಯಲ್ಲೇ ಎಲ್ಲೋ ಇತ್ತು.

ನೆರಳು ಮೂಗಿನ ಕೆಳಗೆ ನೇರವಾಗಿ ಚಿಟ್ಟೆಯ ಹಾಗೆ ಕೂತಿದ್ದರೆ ಬೆಳಕು ಎದುರಿನಿಂದ, ಎತ್ತರದಿಂದ ಬಂದದ್ದು. ಹಾಲಿವುಡ್‌ನ ಹಳೇ ತಾರೆಯರ ಫೋಟೋಗಳಲ್ಲಿ ಇದು ಜಾಸ್ತಿ. ಹೆಸರೂ ಬಟರ್‌ಫ್ಲೈ ಲೈಟಿಂಗ್. ನೆರಳು ಬಾಯಿಯ ಮೂಲೆ ಕಡೆಗೆ ಸಣ್ಣದಾಗಿ ವಾಲಿದ್ದರೆ ಬೆಳಕು ಸ್ವಲ್ಪ ಪಕ್ಕಕ್ಕಿತ್ತು. ಮೂಗಿನ ನೆರಳು ಕೆನ್ನೆಯ ನೆರಳಿಗೆ ಸೇರಿ, ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ತ್ರಿಕೋನ ಮಾತ್ರ ಉಳಿದಿದ್ದರೆ ಅದು ರೆಂಬ್ರಾಂಟ್ ಲೈಟಿಂಗ್. 1606ರಲ್ಲಿ ಹುಟ್ಟಿದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರಗಳಲ್ಲಿ ಈ ಬಗೆಯ ಬೆಳಕು ಕಾಣುವುದರಿಂದ ಆ ಹೆಸರು. ಮುಖದ ಅರ್ಧ ಪೂರ್ತಿ ಕಪ್ಪಾಗಿದ್ದರೆ ಬೆಳಕು ಒಂದೇ ಪಕ್ಕದಿಂದ ಬಂದಿದೆ.

ಅಜ್ಜಿಯ ಮೂಗಿನ ನೆರಳು ಅವರ ಬಲಕ್ಕೆ, ಕೆಳಮುಖವಾಗಿ ವಾಲಿದೆ. ಅಂದರೆ ಬೆಳಕು ಅವರ ಎಡಗಡೆ, ತಲೆಗಿಂತ ಮೇಲೆ ಇತ್ತು. ಎಡ ಎಂದರೆ ಕೂತವರ ಎಡವೋ ನೋಡುವವರ ಎಡವೋ ಎಂದು ಗೊಂದಲ ಆಗುತ್ತದೆ. ಬರೆದಿಡುವಾಗ ಕೂತವರ ಎಡ ಬಲವನ್ನೇ ಬಳಸಿ.

ಕಣ್ಣೊಳಗಿನ ಕಿಟಕಿ

ಇನ್ನು ಕಣ್ಣು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಒಂದು ಪುಟ್ಟ ಉಬ್ಬುಗನ್ನಡಿ. ಎದುರಿಗೆ ಇರುವುದೆಲ್ಲ ಅದರಲ್ಲಿ ಕುಗ್ಗಿ ಕಾಣುತ್ತದೆ. ನೆರಳು ಬೆಳಕಿನ ದಿಕ್ಕು ಹೇಳುತ್ತದೆ, ಕಣ್ಣು ಬೆಳಕಿನ ಆಕಾರ ಹೇಳುತ್ತದೆ.

ಚೌಕದ ಹೊಳಪು ಕಂಡರೆ ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆಯಂಥ ಲೈಟು) ಇಲ್ಲವೇ ಕಿಟಕಿ. ಸರಳಿನ ಗೆರೆ ಕಂಡರೆ ಕಿಟಕಿಯೇ. ದುಂಡಗಿದ್ದು ಒಳಗೆ ಕಡ್ಡಿಗಳು ಕಂಡರೆ ಅಂಬ್ರೆಲಾ, ಅಂದರೆ ಬೆಳಕು ಹರಡಲು ಸ್ಟುಡಿಯೋದವರು ಲೈಟಿಗೆ ಕಟ್ಟುವ ಕೊಡೆ. ಬಳೆಯ ಹಾಗೆ ನಡುವೆ ಟೊಳ್ಳಾಗಿದ್ದರೆ ರಿಂಗ್ ಲೈಟ್. ಈಗಿನ ರೀಲ್ಸ್‌ಗಳಲ್ಲಿ ನೋಡಿರುತ್ತೀರಿ, ಅಲ್ವಾ? ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ ಬರೀ ಬಲ್ಬು ಅಥವಾ ಕ್ಯಾಮೆರಾದ ಫ್ಲಾಶ್. ಮೇಲೊಂದು ಕೆಳಗೊಂದು ಹೊಳಪಿದ್ದರೆ ಗಲ್ಲದ ಕೆಳಗೆ ರಿಫ್ಲೆಕ್ಟರ್ (ಬೆಳಕನ್ನು ಮುಖಕ್ಕೆ ತಿರುಗಿಸುವ ಬಿಳಿ ಹಲಗೆ) ಇಲ್ಲವೇ ಎರಡನೇ ಲೈಟು ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಉಬ್ಬುಗನ್ನಡಿ ಎಲ್ಲವನ್ನೂ ನಡುವಿಗೆ ಎಳೆಯುತ್ತದೆ. 45 ಡಿಗ್ರಿ ಪಕ್ಕದಲ್ಲಿದ್ದ ಲೈಟು ಕಣ್ಣಿನಲ್ಲಿ ಅದಕ್ಕಿಂತ ತುಂಬಾ ಒಳಗೆ ಇರುವ ಹಾಗೆ ಕಾಣುತ್ತದೆ. ಆದ್ದರಿಂದ ದಿಕ್ಕಿನ ವಿಷಯದಲ್ಲಿ ಕಣ್ಣಿಗೂ ಮೂಗಿಗೂ ತಕರಾರು ಬಂದರೆ ಮೂಗನ್ನೇ ನಂಬಿ. ಕೂತವರ ಬೆನ್ನ ಹಿಂದಿನ ಲೈಟಂತೂ ಕಣ್ಣಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಎಣ್ಣೆ ಹಚ್ಚಿದ ಕೂದಲು ಮತ್ತು ಹೆಗಲ ಅಂಚು ನೋಡಬೇಕು.

ಕಣ್ಣು ಚಿಕ್ಕದಾಗಿದ್ದರೆ ಒಡವೆ ನೋಡಿ. ಮುತ್ತು, ಕರಿಮಣಿ, ಕನ್ನಡಕ, ಎಲ್ಲವೂ ಕನ್ನಡಿಗಳೇ.

ಅಜ್ಜಿಯ ಕಣ್ಣಲ್ಲಿ ನನಗೆ ಕಂಡದ್ದು ಹೀಗೆ: ಮೇಲೆ ಬೆಳ್ಳಗಿನ ಒಂದು ಚೌಕ. ಅದರ ಕೆಳಗೆ ಅಡ್ಡಕ್ಕೆ ಒಂದು ಕಪ್ಪು ಗೆರೆ. ಅದರ ಕೆಳಗೆ ಇನ್ನೊಂದು ಚೌಕ, ಆದರೆ ಮಂಕು. ಮೊದಲ ಸಲ ನೋಡಿದಾಗ ಎರಡು ಲೈಟು ಅಂದುಕೊಂಡೆ. ಒಂದು ದಿನ ನಮ್ಮದೇ ಜಗಲಿಯ ಕಿಟಕಿ ನೋಡುವಾಗ ಹೊಳೆಯಿತು. ಮೇಲೆರಡು, ಕೆಳಗೆರಡು ಬಾಗಿಲಿರುವ ಹಳೇ ಕಿಟಕಿ ಅದು. ನಡುವಿನ ಅಡ್ಡಪಟ್ಟಿಯೇ ಆ ಕಪ್ಪು ಗೆರೆ! ಹಾಗಾದರೆ ಕೆಳಗಿನ ಅರ್ಧ ಯಾಕೆ ಮಂಕು?

ನೆರಳಿನ ಅಂಚು, ಬೆಳಕಿನ ದೂರ

ನೆರಳಿನ ಅಂಚು ಚೂರಿಯಲ್ಲಿ ಕೊಯ್ದ ಹಾಗಿದ್ದರೆ ಬೆಳಕಿನ ಮೂಲ ಚಿಕ್ಕದು ಅಥವಾ ದೂರದ್ದು. ಅಂಚು ಕರಗಿದ್ದರೆ ದೊಡ್ಡದು, ಹತ್ತಿರದ್ದು. ಸೂರ್ಯ ಎಷ್ಟೇ ದೊಡ್ಡವನಾದರೂ ದೂರ ಇರುವುದರಿಂದ ನಮ್ಮ ಮುಖಕ್ಕೆ ಚಿಕ್ಕ ದೀಪವೇ. ಮಳೆಗಾಲದ ಮೋಡ ಮಾತ್ರ ಆಕಾಶವನ್ನೇ ಲೈಟು ಮಾಡುತ್ತದೆ. ಆದರೆ ಅದು ಮೇಲಿನಿಂದ ಬೀಳುವುದರಿಂದ ಅಂಗಳದ ಫೋಟೋಗಳಲ್ಲಿ ಕಣ್ಣಿನ ಗುಳಿ ಕಪ್ಪಾಗುತ್ತದೆ. ಅದೇ ಜನರನ್ನು ಹಂಚಿನ ಮಾಡಿನ ಕೆಳಗೆ, ಜಗಲಿಗೆ ಕರೆದರೆ ಮಾಡು ಮೇಲಿನ ಬೆಳಕನ್ನು ತಡೆಯುತ್ತದೆ, ಅಂಗಳದ ಬೆಳಕು ಎದುರಿನಿಂದ ಬರುತ್ತದೆ. ಕಣ್ಣು ಮತ್ತೆ ಹೊಳೆಯುತ್ತದೆ. ಕಲರ್ ಫೋಟೋ ಆಗಿದ್ದು ಅಂಗಳದಲ್ಲಿ ಅಡಿಕೆ ಹರಡಿದ್ದರೆ ಗಲ್ಲದ ಅಡಿಗೆ ಕಿತ್ತಳೆ ಛಾಯೆಯೂ ಬಂದಿರುತ್ತದೆ.

ದೂರ ತಿಳಿಯಲು ಬೆಳಕು ಎಷ್ಟು ಬೇಗ ಸೋಲುತ್ತದೆ ನೋಡಿ. ಚಿಕ್ಕ ದೀಪದಿಂದ 2 ಅಡಿಯಲ್ಲಿ ಇರುವ ಬೆಳಕು 4 ಅಡಿಗೆ ಹೋಗುವಷ್ಟರಲ್ಲಿ ಕಾಲು ಪಾಲಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ತೆಗೆದ ಫೋಟೋಗಳು ಇದಕ್ಕೆ ಒಳ್ಳೆಯ ಪಾಠ. ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಮುಖದ ಹತ್ತಿರವೇ ಬಲ್ಬು. ಹಣೆಯ ನಾಮ ಫಳಫಳ, ಕಿವಿ ಹತ್ತಿರ ಬರುವಾಗಲೇ ಮಬ್ಬು, ಬೆನ್ನ ಹಿಂದಿನವರು ಕತ್ತಲಲ್ಲಿ. ಬಿಸಿಲಿನ ಫೋಟೋದಲ್ಲಿ ಹೀಗೆ ಆಗುವುದಿಲ್ಲ. ಮುಖಕ್ಕೂ ಪಾದಕ್ಕೂ ಬೆಳಕು ಒಂದೇ ಸಮ.

ಹಿಂದಿನ ಪರದೆಯ ಮೇಲೆ ತಲೆಯ ನೆರಳು ಗಟ್ಟಿಯಾಗಿ ಬಿದ್ದಿದ್ದರೆ ಕೂತವರು ಪರದೆಗೆ ಹತ್ತಿರ ಇದ್ದರು. ಮದುವೆ ಆಲ್ಬಮ್ಮಿನಲ್ಲಿ ಎಲ್ಲರ ಮುಖ ಹಳದಿಯಾಗಿದ್ದರೆ ವಿಡಿಯೋದವರ ಹ್ಯಾಲೊಜೆನ್ ಲೈಟಿನ ಕೆಲಸ ಇರಬಹುದು. ಹಗಲಿನ ಫಿಲ್ಮು ಸುಮಾರು 5500 ಕೆಲ್ವಿನ್ ಬೆಳಕಿಗೆ ಹೊಂದಿಸಿದ್ದು, ಆ ಲೈಟು ಸುಮಾರು 3200ರದ್ದು. ಕೆಲ್ವಿನ್ ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಷ್ಟೂ ಬೆಳಕು ಹಳದಿ.

ಕಾಯಿ ಇಟ್ಟು ಪರೀಕ್ಷೆ

ಊಹಿಸಿದ್ದನ್ನು ಮಾಡಿ ನೋಡಲೇಬೇಕು. ಮನೆಯವರನ್ನು ಗಂಟೆಗಟ್ಟಲೆ ಕೂರಿಸುವುದು ಕಷ್ಟ. ನಾನು ಬಳಸುವುದು ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ. ಅದನ್ನು ಒಂದು ಚೆಂಬಿನ ಬಾಯಿಯ ಮೇಲೆ ಅಡ್ಡ ಮಲಗಿಸಿ, ಜುಟ್ಟು ನಿಮ್ಮ ಕಡೆ ಇರಲಿ. ಜುಟ್ಟೇ ಮೂಗು. ಪಕ್ಕದಲ್ಲಿ ಒಂದು ಕಪ್ಪು ಗೋಲಿಯನ್ನು ಕಲಸಿದ ಹಿಟ್ಟಿನಲ್ಲಿ ಅಂಟಿಸಿ. ಅದೇ ಕಣ್ಣು. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚ್ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಆಡಿಸಿ. ಆಮೇಲೆ ಟಾರ್ಚಿನ ಮುಂದೆ ಬಿಳಿ ಬೈರಾಸು (ಟವೆಲ್) ಹಿಡಿಯಿರಿ. ನೆರಳಿನ ಅಂಚು ಕರಗುವುದು, ಗೋಲಿಯ ಚುಕ್ಕೆ ಹಿಗ್ಗುವುದು ಕಣ್ಣೆದುರೇ ಕಾಣುತ್ತದೆ.

ಅಜ್ಜಿಯ ಫೋಟೋಗೆ ಟಾರ್ಚ್ ಬಿಟ್ಟು ಜಗಲಿಯ ಆ ಕಿಟಕಿಯನ್ನೇ ಬಳಸಿದೆ. ಕಾಯಿಯನ್ನು 4 ಅಡಿ ದೂರ ಇಟ್ಟೆ. ನಾಲ್ಕೂ ಬಾಗಿಲು ತೆರೆದಾಗ ಜುಟ್ಟಿನ ನೆರಳು ಅಡ್ಡಕ್ಕೆ ಹೋಯಿತು, ಫೋಟೋಗೆ ಹೊಂದಲಿಲ್ಲ. ಕೆಳಗಿನ ಅರ್ಧಕ್ಕೆ ಬಿಳಿ ಮುಂಡು ಕಟ್ಟಿದೆ. ನೆರಳು ಕೆಳಕ್ಕೆ ಇಳಿಯಿತು. ಆದರೆ ಆಚೆ ಬದಿ ತೀರಾ ಕಪ್ಪು. ಫೋಟೋದಲ್ಲಿ ನೆರಳಿನ ಕಡೆಯ ಬೆಂಡೋಲೆಯ ಕೆತ್ತನೆಯೂ ಕಾಣುತ್ತದೆ. ಆ ಬದಿಗೆ ಇನ್ನೊಂದು ಮುಂಡು ಹರವಿ ಹಿಡಿಸಿದೆ. ನೆರಳು ತಿಳಿಯಾಯಿತು.

ಆಮೇಲೆ ಬಗ್ಗಿ ಗೋಲಿ ನೋಡಿದೆ. ಮೇಲೆ ಬೆಳ್ಳಗಿನ ಚೌಕ, ನಡುವೆ ಕಪ್ಪು ಗೆರೆ, ಕೆಳಗೆ ಮಂಕು ಚೌಕ.