ಕಾಲಿನಲ್ಲಿ ಮತ್ತೆ ಮತ್ತೆ ರಕ್ತ ಹೆಪ್ಪುಗಟ್ಟಿದವರು ಮಾತ್ರೆ ನಿಲ್ಲಿಸಬಹುದೇ?

ನಾನು ಕಾಸರಗೋಡಿನ ಪೆರ್ಲ ಕಡೆಯವಳು. ನನ್ನ ಎಡಗಾಲಿನಲ್ಲಿ ಎರಡು ಸಲ ರಕ್ತ ಹೆಪ್ಪುಗಟ್ಟಿದೆ. ಮತ್ತೆ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದೇನೆ. ಈಗ ಬಾವು ಇಲ್ಲ, ತೋಟಕ್ಕೆ ಇಳಿದು ಬರುತ್ತೇನೆ. ಹಾಗಾಗಿ ನೆಂಟರೆಲ್ಲ ಕೇಳುತ್ತಾರೆ: "ಕಾಲು ಸರಿಯಾಯಿತಲ್ಲ ಅಕ್ಕಾ, ಇನ್ನೂ ಯಾಕೆ ಆ ಮಾತ್ರೆ?" ಕಾಲು ಸರಿ ಇರುವುದು ಮಾತ್ರೆಯಿಂದಲೇ ಇರಬಹುದು, ಅಲ್ವಾ? ಅದಕ್ಕೇ ಕಾಲನ್ನು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಮೊದಲು, ಪ್ರತಿ ಸಲವೂ ಯಾಕೆ ಬಂತು ಎಂದು ಬರೆದಿಡಿ. ಆಪರೇಷನ್, ಮೂಳೆ ಮುರಿತ, ಹೆರಿಗೆ, ಗರ್ಭನಿರೋಧಕ ಮಾತ್ರೆ, ತುಂಬಾ ದಿನ ಹಾಸಿಗೆ ಹಿಡಿದದ್ದು, ಕ್ಯಾನ್ಸರ್ – ಏನಿತ್ತು ಆಗ? ನನಗೆ ಮೊದಲ ಸಲ ಬಂದದ್ದು ಕಾಲು ಮುರಿದು ಆಪರೇಷನ್ ಆದ ಮೇಲೆ. ಹೀಗೆ ಕಾರಣ ಗೊತ್ತಿದ್ದು ಅದು ಕಳೆದುಹೋದರೆ ಸಾಮಾನ್ಯವಾಗಿ 3 ತಿಂಗಳ ಮಾತ್ರೆ ಸಾಕಾಗುತ್ತದೆ. ಎರಡನೆಯದು ಸುಮ್ನೆ ಬಂತು, ಕಾರಣವೇ ಸಿಗಲಿಲ್ಲ. ತೂಕ ಇರುವುದು ಇದಕ್ಕೇ. ಕಾರಣವಿಲ್ಲದೆ ಒಂದೇ ಸಲ ಬಂದವರು ಮಾತ್ರೆ ಬಿಟ್ಟರೆ, ಮೊದಲ ವರ್ಷದಲ್ಲಿ 100ರಲ್ಲಿ ಸುಮಾರು 10 ಮಂದಿಗೆ, 5 ವರ್ಷದೊಳಗೆ ಸುಮಾರು 25 ಮಂದಿಗೆ ಮತ್ತೆ ಬರುತ್ತದೆ. ಗಂಡಸರಿಗೆ ಇದು ಇನ್ನೂ ಜಾಸ್ತಿ. ಎರಡು ಸಲ ಹಾಗೆ ಬಂದಿದ್ದರೆ ಡಾಕ್ಟರು ಸಾಮಾನ್ಯವಾಗಿ ಮಾತ್ರೆ ಮುಂದುವರಿಸಿ ಎನ್ನುತ್ತಾರೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇನ್ನೊಂದು ಕಡೆ, ಈ ಮಾತ್ರೆಯಿಂದ ರಕ್ತಸ್ರಾವದ ಭಯ. ವಯಸ್ಸು, ಹಿಂದೆ ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತಸ್ರಾವ ಆಗಿದ್ದು, ಕಿಡ್ನಿ ಅಥವಾ ಲಿವರ್ ತೊಂದರೆ, ರಕ್ತಹೀನತೆ, ಪದೇ ಪದೇ ಬೀಳುವುದು, ಕುಡಿತ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಇದರಲ್ಲಿ ಕೆಲವನ್ನು ನಾವೇ ಸರಿ ಮಾಡಬಹುದು. ಬಿಪಿ ಹತೋಟಿಯಲ್ಲಿಡಿ. ಗಂಟುನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಬೇಡಿ, ದಯವಿಟ್ಟು. ಕಷಾಯ, ಲೇಹ್ಯ ಏನು ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ. ಎಲ್ಲರ ಮನೆಯಲ್ಲೂ ಇರುವ ಈ ಎರಡು ಅಭ್ಯಾಸ ನನಗೆ ಮಾತ್ರೆಗಿಂತ ಜಾಸ್ತಿ ಭಯ ಹುಟ್ಟಿಸುತ್ತವೆ.

ನಿಲ್ಲಿಸುವುದು, ಹಾಗೇ ನುಂಗುವುದು ಎಂಬ ಎರಡೇ ದಾರಿ ಇರುವುದಲ್ಲ. 6 ತಿಂಗಳು ಪೂರ್ತಿ ಡೋಸ್ ಆದ ಮೇಲೆ ಕೆಲವರಿಗೆ ಇದೇ ಬಗೆಯ ಮಾತ್ರೆಗಳಾದ ಅಪಿಕ್ಸಾಬಾನ್ 5 ಮಿಲಿಗ್ರಾಂನಿಂದ 2.5ಕ್ಕೆ, ರಿವರೋಕ್ಸಾಬಾನ್ 20ರಿಂದ 10ಕ್ಕೆ ಇಳಿಸುತ್ತಾರೆ. ನಾನೀಗ ಅಪಿಕ್ಸಾಬಾನ್ ದಿನಕ್ಕೆರಡು ಸಲ 2.5 ತೆಗೆದುಕೊಳ್ಳುತ್ತೇನೆ. "ನನಗೆ ಕಡಿಮೆ ಡೋಸ್ ಆಗುತ್ತದಾ?" ಎಂದು ನೀವೇ ಕೇಳಿ. ಬದಲಿಗೆ ಆಸ್ಪಿರಿನ್ ಸಾಕು ಎಂದುಕೊಳ್ಳಬೇಡಿ, ಅದರ ರಕ್ಷಣೆ ಬಹಳ ಕಡಿಮೆ. ಆಂಟಿಫಾಸ್ಫೋಲಿಪಿಡ್ ತೊಂದರೆ (ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತ ಹೆಪ್ಪುಗಟ್ಟುವಂತೆ ಮಾಡುವ ಕಾಯಿಲೆ) ಇದ್ದವರಿಗೆ ಹೆಚ್ಚಾಗಿ ವಾರ್ಫರಿನ್ ಎಂಬ ಹಳೆಯ ಮಾತ್ರೆಯೇ ಒಳ್ಳೆಯದು. ವಾರ್ಫರಿನ್‌ನವರು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರೊಳಗೆ ಇಟ್ಟುಕೊಳ್ಳಬೇಕು. ಸೊಪ್ಪು ತಿಂದರೆ ವಾರ್ಫರಿನ್ ಕೆಲಸದಲ್ಲಿ ವ್ಯತ್ಯಾಸ ಆಗಬಹುದು; ಆದರೂ ಬಸಳೆ, ಹರಿವೆ ಬಿಡಬೇಕಾಗಿಲ್ಲ, ದಿನದಿನಕ್ಕೆ ಪ್ರಮಾಣ ಏರುಪೇರಾಗದಿದ್ದರೆ ಸಾಕು.

ನಮ್ಮ ಊರಿನವರಿಗೆ ಒಂದು ವಿಶೇಷ ಮಾತು. ನಮ್ಮಲ್ಲಿ ಎಷ್ಟೋ ಮಂದಿಗೆ ದೊಡ್ಡ ಡಾಕ್ಟರು ಮಂಗಳೂರಿನಲ್ಲಿ. 2020ರಲ್ಲಿ ಕೊರೊನಾ ಬಂದಾಗ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು ನೆನಪಿದೆಯಲ್ಲ? ಒಂದು ತಿಂಗಳ ಮಾತ್ರೆ ಮುಗಿಯುವ ಮೊದಲೇ ಮುಂದಿನದು ಮನೆಯಲ್ಲಿರಲಿ. ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಚೀಟಿ ಒಂದೇ ಫೈಲಿನಲ್ಲಿರಲಿ, ಹತ್ತಿರದ ಡಾಕ್ಟರಿಗೂ ತೋರಿಸಲು ಬೇಕಾಗುತ್ತದೆ.

ಮುಂದುವರಿಸುವುದೇ ಆದರೆ ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಕಿಡ್ನಿ ಪರೀಕ್ಷೆ ಮಾಡಿಸಿ, ಅದೇ ಪ್ರಶ್ನೆ ಮತ್ತೆ ಕೇಳಿ. ನಿಲ್ಲಿಸೋಣ ಎಂದು ಡಾಕ್ಟರು ಹೇಳಿದರೆ, ಒಂದು ತಿಂಗಳ ಮೇಲೆ ಡಿ-ಡೈಮರ್ ಪರೀಕ್ಷೆ (ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಅಂದಾಜಿಸಲು ಮಾಡುವ ರಕ್ತಪರೀಕ್ಷೆ) ಬೇಕಾ ಎಂದು ವಿಚಾರಿಸಿ. ಕಾಲು ಮತ್ತೆ ಊದಿದರೆ ಆವತ್ತೇ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಅಥವಾ ಮಾತ್ರೆ ನುಂಗುತ್ತಿರುವಾಗ ತಲೆಗೆ ಪೆಟ್ಟು ಬಿದ್ದರೆ, ಮಲ ಕಪ್ಪಗೆ ಹೋದರೆ, ಫೋನ್ ಮಾಡಿ ಕೇಳುತ್ತಾ ಕೂರಬೇಡಿ, ನೇರ ಹತ್ತಿರದ ಆಸ್ಪತ್ರೆಗೆ ಹೊರಡಿ.